ಬೆಳೆಗೂ ಹಸಿವಾಗುತ್ತದೆ

ನಮಗೆ ಹಸಿವಾದರೆ ಬಾಯಿಬಿಟ್ಟು ಹೇಳುತ್ತೇವೆ. ಬೆಳೆಗೆ ಬಾಯಿಲ್ಲ. ಅದರ ಹಸಿವು ಗೊತ್ತಾಗೋದು ಹೇಗೆ?

ಎಲೆ ನೋಡಿ

ಶಿವಮೊಗ್ಗದ ಸುತ್ತ ಮಳೆಗಾಲದಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಜೋಳದ ಕೆಳಗಿನ ಎಲೆ ತುದಿಯಿಂದ ಹಳದಿಯಾಗುತ್ತಾ ಬಂತಾ? ಸಾರಜನಕ ಕಡಿಮೆ ಆಗಿರಬಹುದು. ಗಿಡ ಹಳೇ ಎಲೆಯ ಸಾರಜನಕ ತೆಗೆದು ಹೊಸ ಎಲೆಗೆ ಕೊಡುತ್ತದೆ. ತಾಯಿ ಉಪವಾಸವಿದ್ದು ಮಗುವಿಗೆ ಉಣಿಸಿದ ಹಾಗೆ. ಯೂರಿಯಾದಲ್ಲಿ ಇರೋದು ಈ ಸಾರಜನಕವೇ.

ಸುಳಿಯ ಎಳೆ ಎಲೆ ಬಿಳಿಚಿಕೊಂಡರೆ? ಅದು ಸತುವಿನ ಕೊರತೆ ಇರಬಹುದು. ಅದಕ್ಕೆ ಯೂರಿಯಾ ಮದ್ದಲ್ಲ. ಹೊಲದಲ್ಲಿ ನೀರು ನಿಂತರೂ ಎಲೆ ಹಳದಿಯಾಗುತ್ತದೆ. ಆಗ ಮೊದಲು ನೀರು ಬಸಿಯಬೇಕು. ಹಳದಿ ಕಂಡ ಕೂಡಲೇ ಯೂರಿಯಾ ಸುರಿದರೆ ದುಡ್ಡು ದಂಡ.

ರಸ ಏನು ಹೇಳುತ್ತದೆ?

ನಮ್ಮ ಮೈಯಲ್ಲಿ ರಕ್ತ ಕಡಿಮೆ ಇದೆಯಾ ಎಂದು ತಿಳಿಯಲು ನರ್ಸಮ್ಮ ಬೆರಳು ಚುಚ್ಚಿ ನೋಡುತ್ತಾರೆ. ಗಿಡದ ರಸವನ್ನೂ ಹಾಗೇ ಪರೀಕ್ಷೆ ಮಾಡಬಹುದು.

ಬೇರು ಹೀರಿದ ಸಾರಜನಕ ನೈಟ್ರೇಟ್ ಆಗಿ ರಸದ ಜೊತೆ ಮೇಲೇರುತ್ತದೆ. ಜೋಳದ ದಂಟು ಕತ್ತರಿಸಿ, ಆ ಜಾಗಕ್ಕೆ ಡೈಫಿನೈಲಮೈನ್ ಎಂಬ ದ್ರಾವಣದ ಹನಿ ಹಾಕುತ್ತಾರೆ. ಕಡುನೀಲಿ ಬಣ್ಣ ಬಂದರೆ ನೈಟ್ರೇಟ್ ಸಾಕಷ್ಟಿದೆ. ತಿಳಿನೀಲಿ ಬಂದರೆ ಕಡಿಮೆ ಇದೆ. ಬಣ್ಣವೇ ಬಾರದಿದ್ದರೆ ಗಿಡ ಹಸಿದಿದೆ. ಎಲೆ ಹಳದಿಯಾಗುವ ಮೊದಲೇ ರಸ ಗುಟ್ಟು ಹೇಳುತ್ತದೆ. ಆದರೆ ಒಂದು ಗಿಡ ಸಾಲದು. ಹೊಲದ ನಾಲ್ಕಾರು ಕಡೆ ನೋಡಬೇಕು.

ಎಚ್ಚರ! ಆ ದ್ರಾವಣದಲ್ಲಿ ಗಂಧಕಾಮ್ಲ ಇರುತ್ತದೆ. ತಾಗಿದರೆ ಮೈ ಸುಡುತ್ತದೆ. ಇದನ್ನು ತಿಳಿದವರೇ ಮಾಡಬೇಕು. ಮನೆಯಲ್ಲಿ ಬೇಡ.

ಭತ್ತಕ್ಕೆ ಬೇರೆ ದಾರಿ

ಭದ್ರಾವತಿ ಕಡೆ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ನೀರು ನಿಂತ ಗದ್ದೆಯಲ್ಲಿ ನೈಟ್ರೇಟ್ ಬಹಳ ಕಡಿಮೆ. ಹಾಗಾಗಿ ನೀಲಿ ಬಣ್ಣದ ಪರೀಕ್ಷೆ ಭತ್ತಕ್ಕೆ ಸರಿಹೋಗದು. ಭತ್ತಕ್ಕೆ ಎಲೆ ಬಣ್ಣದ ಪಟ್ಟಿ ಇದೆ. ಅದರಲ್ಲಿ ತಿಳಿಹಸಿರಿನಿಂದ ಕಡುಹಸಿರಿನವರೆಗೆ ಬಣ್ಣಗಳಿವೆ. ಮೇಲಿನ, ಪೂರ್ತಿ ಬಿಚ್ಚಿದ ಎಲೆಯನ್ನು ನಮ್ಮ ನೆರಳಿನಲ್ಲಿ ಪಟ್ಟಿಯ ಮೇಲಿಟ್ಟು ಹೋಲಿಸಬೇಕು. ಹೀಗೆ 10 ಎಲೆ ನೋಡಬೇಕು. ನಮ್ಮ ತಳಿಗೆ ಹೇಳಿದ ಬಣ್ಣಕ್ಕಿಂತ 6 ಎಲೆ ತಿಳಿಯಾಗಿದ್ದರೆ ಯೂರಿಯಾ ಕೊಡಬೇಕು. ಇಲ್ಲದಿದ್ದರೆ ಬೇಡ.

ಯಾರನ್ನು ಕೇಳಬೇಕು?

ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಶಿವಮೊಗ್ಗದ ನವಿಲೆಯಲ್ಲಿ ಕೃಷಿ ಕಾಲೇಜು ಇದೆ. ಅಲ್ಲೂ ಕೇಳಬಹುದು. ಹೋಗುವಾಗ ಹಳದಿ ಗಿಡ ಒಂದು, ಚೆನ್ನಾಗಿರುವ ಗಿಡ ಒಂದು ಒಯ್ಯಿರಿ.

ಅಕ್ಕಾ, ಕಳೆ ಕೀಳಲು ಹೊಲಕ್ಕೆ ಇಳಿಯುವವರು ನಾವು. ಎಲೆಯ ಬಣ್ಣ ಮೊದಲು ಕಾಣೋದು ನಮ್ಮ ಕಣ್ಣಿಗೇ. ಗೊಬ್ಬರದ ಚೀಲ ತರುವ ಮೊದಲು ನಮ್ಮನ್ನೂ ಒಂದು ಮಾತು ಕೇಳಲಿ.

ಚರ್ಚೆ ಮಾಡಿ: ನಿಮ್ಮ ಹೊಲದಲ್ಲಿ ಹಳದಿಯಾಗಿರುವುದು ಯಾವ ಎಲೆ? ಕೆಳಗಿನದಾ, ಸುಳಿಯದಾ?