ಸಾಸಿವೆ ಕಾಳಿನಷ್ಟು ಹಲ್ಲು, ಆರೂವರೆ ಕೋಟಿ ವರ್ಷಗಳ ಲೆಕ್ಕ

ಕಳೆದ ವರ್ಷ ನಾವು ಬಾದಾಮಿಗೆ ಪ್ರವಾಸ ಹೋಗಿದ್ದಾಗ ಮೂರನೆಯ ಗುಹೆಯ ಹೊರಗೆ ಗೆಳತಿಯೊಬ್ಬಳು ಬಂಡೆಗೆ ಕೈ ಹಚ್ಚಿ, "ಇಷ್ಟು ಹಳೆಯ ಕಲ್ಲು ಅಂತಾರೆ. ಹಾಗಾದರೆ ಇದರೊಳಗೆ ಡೈನೋಸಾರ್ ಎಲುಬು ಇರಬೇಕಲ್ಲ?" ಎಂದು ಕೇಳಿದಳು. ನಾವೆಲ್ಲ ನಕ್ಕೆವು. ಆದರೆ ಉತ್ತರ ಯಾರಿಗೂ ಗೊತ್ತಿರಲಿಲ್ಲ. ಜೊತೆಗಿದ್ದ ಉಪನ್ಯಾಸಕರು, "ಯಾರಾದರೂ ಓದಿ ಬರೆಯಿರಿ, ನಮ್ಮ ಪತ್ರಿಕೆಯಲ್ಲಿ ಹಾಕೋಣ" ಎಂದರು. ವಿಜ್ಞಾನ ವಿಭಾಗದವರು ಸಿಇಟಿ ತಯಾರಿಯಲ್ಲಿದ್ದರು. ಕೊನೆಗೆ ವಾಣಿಜ್ಯ ವಿಭಾಗದ ನಾನೇ ಬರೆಯಬೇಕಾಯಿತು. ಡೈನೋಸಾರ್ ಹುಡುಕಲು ಹೊರಟ ನಾನು ಹುಳ ತಿನ್ನುವ ಒಂದು ಪುಟ್ಟ ಪ್ರಾಣಿಯ ಹತ್ತಿರ ಬಂದು ನಿಂತೆ. ಹೇಗೆ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ನಮ್ಮ ಕಲ್ಲುಗಳಲ್ಲಿ ಏಕೆ ಇಲ್ಲ?

ಗೆಳತಿಯ ಪ್ರಶ್ನೆಗೆ ಉತ್ತರ ಸರಳ. ಬಾದಾಮಿಯ ಕಲ್ಲಿನಲ್ಲಿ ಎಲುಬು ಇಲ್ಲ, ಏಕೆಂದರೆ ಆ ಕಲ್ಲು ಬೇಕಾದದ್ದಕ್ಕಿಂತ ಹಳೆಯದು. ಬಾದಾಮಿಯ ಮರಳುಗಲ್ಲು ಸುಮಾರು 90ರಿಂದ 100 ಕೋಟಿ ವರ್ಷಗಳ ಹಿಂದಿನದು. ಆಗ ಭೂಮಿಯ ಮೇಲೆ ಎಲುಬುಳ್ಳ ಪ್ರಾಣಿಯೇ ಹುಟ್ಟಿರಲಿಲ್ಲ. ಬಾಗಲಕೋಟೆ, ಲೋಕಾಪುರದ ಕಡೆಯ ಸುಣ್ಣಕಲ್ಲು ಅದಕ್ಕಿಂತಲೂ ಹಳೆಯದು. ಅದರಲ್ಲಿ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾದ ಗುರುತುಗಳು ಸಿಗುತ್ತವೆ. ಅವುಗಳಿಗೆ ಸ್ಟ್ರೊಮ್ಯಾಟೊಲೈಟ್ ಎನ್ನುತ್ತಾರೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಕಟ್ಟಿದ ಪದರಗಳು ಅವು. ನಮ್ಮ ಜಿಲ್ಲೆಯ ಜೀವದ ಹಳೆಯ ಸಹಿ ಎಂದರೆ ಅದೇ.

ಇನ್ನು ಇಳಕಲ್‌ನ ಗುಲಾಬಿ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳದ್ದು. ಅದು ನೆಲದ ಆಳದಲ್ಲಿ ಕರಗಿದ ಕಲ್ಲು ತಣ್ಣಗಾಗಿ ಆದದ್ದು, ಅದರೊಳಗೆ ಪಳೆಯುಳಿಕೆ ಇರಲು ಸಾಧ್ಯವೇ ಇಲ್ಲ. ಹುನಗುಂದದ ಸುತ್ತಲಿನ ಕಪ್ಪು-ಹಸಿರು ಪದರಗಲ್ಲು ಅದಕ್ಕೂ ಹಿರಿಯದು. ಸಸ್ತನಿಗಳು, ಅಂದರೆ ಮರಿಗೆ ಹಾಲೂಡುವ ಪ್ರಾಣಿಗಳು, ಭೂಮಿಗೆ ಬಂದದ್ದು 20 ಕೋಟಿ ವರ್ಷಗಳಿಗಿಂತ ಸ್ವಲ್ಪ ಹಿಂದೆ. ಹೀಗಾಗಿ ನಾವು ದಿನವೂ ತುಳಿಯುವ ಈ ಕಲ್ಲುಗಳೆಲ್ಲ ಅವು ಹುಟ್ಟುವ ಮೊದಲೇ ಮುಚ್ಚಿಹೋದ ಲೆಕ್ಕದ ಪುಸ್ತಕಗಳು. 2024ರ ಖರ್ಚನ್ನು 1950ರ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಲ್ಲವೇ?

ಹೊಳೆಯ ಗುಂಟ ಮೇಲಕ್ಕೆ ಹೋದರೆ

ಹಾಗಾದರೆ ಸರಿಯಾದ ಪುಸ್ತಕ ಎಲ್ಲಿದೆ? ಬಹಳ ದೂರ ಹೋಗಬೇಕಿಲ್ಲ. ಬಾಗಲಕೋಟೆಯ ಪಕ್ಕ ಹರಿಯುವ ಘಟಪ್ರಭಾ ನದಿಯ ಗುಂಟ ಮೇಲಕ್ಕೆ ಹೋದರೆ ಬೆಳಗಾವಿ ಜಿಲ್ಲೆಯ ಗೋಕಾಕ ಸಿಗುತ್ತದೆ. ಅಲ್ಲಿ ಮರಳುಗಲ್ಲಿನ ಜೊತೆಗೆ ಕರಿಕಲ್ಲು ಶುರುವಾಗುತ್ತದೆ. ನಮ್ಮ ಜಮಖಂಡಿಯ ಕಡೆ ಮತ್ತು ವಿಜಯಪುರ ಜಿಲ್ಲೆಯಲ್ಲಿ ಕಾಣುವುದೂ ಇದೇ ಕರಿಕಲ್ಲು. ಇದಕ್ಕೆ ದಖ್ಖನ್ ಟ್ರ್ಯಾಪ್ ಎಂದು ಹೆಸರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾರಸ ಹೆಪ್ಪುಗಟ್ಟಿ ಆದದ್ದು ಇದು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ಹತ್ತಿ, ಜೋಳ, ಕಡಲೆ ಬೆಳೆಯುವ ಎರೆ ಮಣ್ಣು ಬಹುಪಾಲು ಈ ಕಲ್ಲು ಸವೆದು ಆದದ್ದೇ.

ಲಾವಾದಲ್ಲಿ ಪ್ರಾಣಿ ಉಳಿಯುವುದಿಲ್ಲ, ಸುಟ್ಟುಹೋಗುತ್ತದೆ. ಆದರೆ ಲಾವಾ ಒಂದೇ ಸಲ ಹರಿಯಲಿಲ್ಲ. ಒಂದು ಸಲ ಹರಿದು, ತಣ್ಣಗಾಗಿ, ಸಾವಿರಾರು ವರ್ಷ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು ಕೆರೆಯಾಗುತ್ತಿತ್ತು. ಮೀನು, ಕಪ್ಪೆ, ಬಸವನಹುಳು ಬರುತ್ತಿದ್ದವು, ದಂಡೆಯ ಮೇಲೆ ಗಿಡಮರ ಬೆಳೆಯುತ್ತಿದ್ದವು. ಮತ್ತೆ ಲಾವಾ ಬಂದು ಆ ಕೆರೆಯ ಕೆಸರನ್ನು ಮುಚ್ಚಿಬಿಡುತ್ತಿತ್ತು. ಹೀಗೆ ಎರಡು ಕರಿಕಲ್ಲಿನ ನಡುವೆ ಸಿಕ್ಕಿಕೊಂಡ ತೆಳುವಾದ ಕೆಸರಿನ ಪದರವೇ ನಾವು ಹುಡುಕುವ ಪುಟ. ಡೈನೋಸಾರ್‌ಗಳ ಕೊನೆಯ ದಿನಗಳಲ್ಲಿ ಅವುಗಳ ಕಾಲಡಿ ಓಡಾಡುತ್ತಿದ್ದ ಸಣ್ಣ ಪ್ರಾಣಿಗಳ ಗುರುತು ಅದರೊಳಗೆ ಇದೆ.

ಗೋಕಾಕದ ಹೆಸರು ಪಳೆಯುಳಿಕೆಗಳ ಚರಿತ್ರೆಯಲ್ಲಿ ಎರಡು ಸಲ ಬರುತ್ತದೆ. ಮೊದಲನೆಯದು 1874ರಲ್ಲಿ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಗೋಕಾಕದ ಬಳಿ ಸಿಕ್ಕ ಖಡ್ಗಮೃಗದ ಎಲುಬುಗಳನ್ನು ವಿವರಿಸಿ ಪ್ರಕಟಿಸಿದರು. ಅದು ಡೈನೋಸಾರ್‌ಗಳ ನಂತರ ಬಹಳ ಕಾಲ ಕಳೆದ ಮೇಲಿನ ಪ್ರಾಣಿ. ದೊಡ್ಡದು, ಆದ್ದರಿಂದ ಕಣ್ಣಿಗೆ ಬಿತ್ತು. ಎರಡನೆಯದು 2007ರಲ್ಲಿ. ಲಾವಾಗಳ ನಡುವಿನ ಪದರದಿಂದ ಸಿಕ್ಕ ಕೆಲವೇ ಕೆಲವು ಸಣ್ಣ ಹಲ್ಲುಗಳಿಗೆ ಹೆಸರು ಬಂತು. ಒಂದೇ ತಾಲ್ಲೂಕು, ಆದರೆ ದೊಡ್ಡ ಪ್ರಾಣಿಗೂ ಸಣ್ಣ ಪ್ರಾಣಿಗೂ ನಡುವೆ 133 ವರ್ಷಗಳ ಅಂತರ. ಸಣ್ಣದು ಅಷ್ಟು ದಿನ ಅಲ್ಲಿ ಇರಲಿಲ್ಲ ಎಂದಲ್ಲ, ಅದನ್ನು ನೋಡುವ ಕ್ರಮ ಇನ್ನೂ ಬಂದಿರಲಿಲ್ಲ.

ಜರಡಿ ಹಿಡಿದ ವಿಜ್ಞಾನ

ಆ ಕ್ರಮ ಏನು? ಪುಸ್ತಕದಲ್ಲಿ ಓದಿದಾಗ ನನಗೆ ನಮ್ಮ ದಾದಿ ಅಕ್ಕಿ ತೊಳೆಯುವುದೇ ನೆನಪಾಯಿತು. ಪದರದ ಜೇಡಿಯನ್ನು ಚೀಲಗಟ್ಟಲೆ ತಂದು ಬಿಸಿಲಿಗೆ ಒಣಗಿಸುತ್ತಾರೆ. ಸೀಮೆಎಣ್ಣೆಯಲ್ಲಿ ನೆನೆಸಿ ಆಮೇಲೆ ನೀರಿಗೆ ಹಾಕುತ್ತಾರೆ. ಗಟ್ಟಿ ಹೆಂಟೆ ತಾನಾಗಿ ಕರಗಿ ಕೆಸರಾಗುತ್ತದೆ. ಅದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಕಾಳು ಆರಿಸಿದಂತೆ ಆರಿಸುತ್ತಾರೆ. ಚೀಲಗಟ್ಟಲೆ ಮಣ್ಣಿಗೆ ಒಂದು ಹಲ್ಲು ಸಿಕ್ಕರೂ ಲಾಭವೇ.

ಹಲ್ಲೇ ಏಕೆ ಸಿಗುತ್ತದೆ ಎಂದರೆ, ಮೈಯಲ್ಲಿ ಅತ್ಯಂತ ಗಟ್ಟಿ ವಸ್ತು ಹಲ್ಲಿನ ಮೇಲಿನ ಎನಾಮೆಲ್. ಇಲಿಯಷ್ಟು ಪ್ರಾಣಿಯ ಎಲುಬು ಕಡ್ಡಿಯಂತೆ ಮುರಿದು ಮಣ್ಣಾಗುತ್ತದೆ, ಹಲ್ಲು ಉಳಿಯುತ್ತದೆ. ಈ ಹಲ್ಲುಗಳ ಅಳತೆ ಒಂದೆರಡು ಮಿಲಿಮೀಟರ್. ಅಂಗಿಯ ಗುಂಡಿಯ ತೂತಿಗೆ ಸರಿ, ಸಾಸಿವೆ ಕಾಳಿಗೆ ಸಮ.

ದಖ್ಖನದ ಪುಟ್ಟ ಕಳ್ಳ

ಇದೇ ರೀತಿಯಲ್ಲಿ ಭಾರತದ ಮೊದಲ ದೊಡ್ಡ ಫಲ ಸಿಕ್ಕಿದ್ದು ತೆಲಂಗಾಣದ ವಿಕಾರಾಬಾದ್ ಬಳಿಯ ನಸ್ಕಲ್ ಎಂಬ ಊರಿನಲ್ಲಿ. ಅಲ್ಲಿನ ಲಾವಾ ನಡುವಿನ ಪದರದಿಂದ ಸಿಕ್ಕ ಹಲ್ಲುಗಳನ್ನು ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರತದಲ್ಲಿ ಕ್ರಿಟೇಶಿಯಸ್ ಯುಗದ ಸಸ್ತನಿ ಸಿಕ್ಕಿದ್ದು ಅದೇ ಮೊದಲು. ಅದಕ್ಕೆ ಡೆಕ್ಕನೊಲೆಸ್ಟಿಸ್ ಹಿಸ್ಲೋಪಿ ಎಂದು ಹೆಸರಿಟ್ಟರು. 'ಲೆಸ್ಟಿಸ್' ಎಂದರೆ ಗ್ರೀಕ್ ಭಾಷೆಯಲ್ಲಿ ದರೋಡೆಕೋರ. ಹಾಗಾಗಿ ಇದು ದಖ್ಖನದ ಕಳ್ಳ! 'ಹಿಸ್ಲೋಪಿ' ಎಂಬುದು 19ನೆಯ ಶತಮಾನದಲ್ಲಿ ನಾಗಪುರದ ಸುತ್ತ ಪಳೆಯುಳಿಕೆ ಸಂಗ್ರಹಿಸಿದ ಸ್ಟೀಫನ್ ಹಿಸ್ಲಪ್ ಅವರ ನೆನಪು. ಆಮೇಲೆ ಇದರ ಇನ್ನೆರಡು ಪ್ರಭೇದಗಳೂ, ರಂಗಾಪುರ ಎಂಬ ಊರಿನಿಂದ ಸಾಹ್ನಿಥೀರಿಯಂ ಎಂಬ ಇನ್ನೊಂದು ಪ್ರಾಣಿಯೂ ಸಿಕ್ಕವು.

ಇದು ಹುಳ ತಿನ್ನುತ್ತಿತ್ತು ಎಂದು ಹೇಗೆ ಗೊತ್ತು? ಹಲ್ಲಿನ ಆಕಾರದಿಂದ. ಜೀರುಂಡೆಯಂಥ ಹುಳದ ಮೇಲೆ ಗಟ್ಟಿ ಚಿಪ್ಪು ಇರುತ್ತದೆ. ಅದನ್ನು ತೂತು ಮಾಡಲು ಚೂಪಾದ ಮೊನೆ ಬೇಕು, ಹರಿಯಲು ಕತ್ತರಿಯಂಥ ಅಂಚು ಬೇಕು. ಈ ಹಲ್ಲುಗಳಲ್ಲಿ ಎರಡೂ ಇವೆ. ಮೇಲಿನ ದವಡೆಯ ಹಲ್ಲಿನ ಮೊನೆ ಕೆಳಗಿನ ಹಲ್ಲಿನ ಕುಳಿಯಲ್ಲಿ ಒರಳಿಗೆ ಒನಕೆ ಬಿದ್ದಂತೆ ಕೂರುತ್ತದೆ. ಗೋಕಾಕದಲ್ಲಿ ಸಿಕ್ಕ ಹಲ್ಲುಗಳು ಬೇರೆ ರೀತಿಯವು. ಎತ್ತರವಾಗಿ ಬೆಳೆದು, ಅಗಿದು ಅಗಿದು ಮೇಲ್ಭಾಗ ಸಪಾಟಾದವು. ಅದು ಗಡುಸು ಸೊಪ್ಪುಸದೆ ತಿನ್ನುತ್ತಿದ್ದ ಇನ್ನೊಂದು ಪ್ರಾಣಿ. 2007ರಲ್ಲಿ ಎರಡು ತಂಡಗಳು ಒಂದಕ್ಕೊಂದು ತಿಳಿಯದೆ ಅದಕ್ಕೆ ಎರಡು ಹೆಸರು ಕೊಟ್ಟವು: ಭಾರತಥೀರಿಯಂ ಮತ್ತು ದಕ್ಷಿಣ. ಒಬ್ಬನೇ ಗಿರಾಕಿಗೆ ಎರಡು ಖಾತೆ ತೆರೆದಂತೆ! ನಿಯಮದ ಪ್ರಕಾರ ಮೊದಲು ಪ್ರಕಟವಾದ ಭಾರತಥೀರಿಯಂ ಉಳಿಯಿತು.

ಡೆಕ್ಕನೊಲೆಸ್ಟಿಸ್‌ನ ಹಿಮ್ಮಡಿಯ ಕೆಲವು ಎಲುಬುಗಳೂ ಸಿಕ್ಕಿವೆ. ಪಾದ ಸುಲಭವಾಗಿ ತಿರುಗುವಂಥ ಕೀಲು ಅದು. ಆದ್ದರಿಂದ ಇದು ಮರ ಹತ್ತುತ್ತಿತ್ತು ಎನ್ನುತ್ತಾರೆ.

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ದಾದಿ ಕೇಳಿದರು, "ಅಂದರೆ ನಮ್ಮ ಛಛೂಂದರ್ ಥರವಾ?" ಛಛೂಂದರ್ ಎಂದರೆ ರಾತ್ರಿ ಗೋಡೆಯ ಬುಡದಲ್ಲಿ ಕಿಚಕಿಚ ಎನ್ನುತ್ತ ಓಡುವ, ವಾಸನೆ ಬಿಡುವ ಸೊಂಡಿಲಿ. ನಾವು ಅದನ್ನು ಇಲಿ ಎಂದು ಹೊಡೆಯುತ್ತೇವೆ. ಆದರೆ ಅದು ಇಲಿಯ ಜಾತಿಯೇ ಅಲ್ಲ, ಜಿರಳೆ-ಹುಳ ತಿನ್ನುವ ಪ್ರಾಣಿ. ಗಾತ್ರದಲ್ಲಿ, ಊಟದಲ್ಲಿ ದಾದಿಯ ಹೋಲಿಕೆ ಸರಿ. ಆದರೆ ನೆಂಟಸ್ತನ ಇಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಡೆಕ್ಕನೊಲೆಸ್ಟಿಸ್ ಇಂದಿನ ಯಾವ ಗುಂಪಿನ ಪೂರ್ವಜನೂ ಅಲ್ಲ, ಮುಂದೆ ಒಣಗಿಹೋದ ಒಂದು ಹಳೆಯ ಕೊಂಬೆ.

ಇಷ್ಟು ಸಣ್ಣ ಹಲ್ಲಿಗೆ ಏಕೆ ಇಷ್ಟು ಬೆಲೆ?

ಆಗ ಭಾರತ ಏಷ್ಯಾಕ್ಕೆ ಸೇರಿರಲಿಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್‌ನಿಂದ ಬೇರೆಯಾಗಿ, ಸಮುದ್ರದ ನಡುವೆ ಉತ್ತರಕ್ಕೆ ಸಾಗುತ್ತಿದ್ದ ದ್ವೀಪ. ದ್ವೀಪವೆಂದರೆ ಹೊರಗಿನವರ ಜೊತೆ ವ್ಯವಹಾರ ಬಂದ್ ಎಂದು ಅಂದುಕೊಳ್ಳುತ್ತೇವೆ. ಗೋಕಾಕದ ಭಾರತಥೀರಿಯಂ ಆ ಮಾತಿಗೆ ಒಪ್ಪುತ್ತದೆ, ಅದರ ನೆಂಟರು ಮಡಗಾಸ್ಕರ್ ಮತ್ತು ದಕ್ಷಿಣ ಅಮೆರಿಕದಲ್ಲಿದ್ದಾರೆ, ಹಳೆಯ ಪಾಲುದಾರರು. ಆದರೆ ಡೆಕ್ಕನೊಲೆಸ್ಟಿಸ್‌ನ ಹತ್ತಿರದ ನೆಂಟರು ಸ್ವಲ್ಪ ಈಚಿನ ಕಾಲದ ಆಫ್ರಿಕ ಮತ್ತು ಯುರೋಪಿನ ಪದರಗಳಲ್ಲಿ ಸಿಗುತ್ತಾರೆ. ಹಾಗಾದರೆ ದ್ವೀಪ ಪೂರ್ತಿ ಮುಚ್ಚಿರಲಿಲ್ಲವೇ? ಸಾಸಿವೆಯಷ್ಟು ಹಲ್ಲು ಒಂದು ಖಂಡದ ದಾರಿಯನ್ನೇ ಪ್ರಶ್ನೆ ಮಾಡುತ್ತದೆ.

ಹರಿದ ಪುಟಗಳು, ತಿದ್ದಿದ ಪುಟಗಳು

ಈ ಪುಸ್ತಕದಲ್ಲಿ ಖಾಲಿ ಪುಟಗಳು ಬಹಳ. ಡೆಕ್ಕನೊಲೆಸ್ಟಿಸ್ ಆದ ಮೇಲೆ ಭಾರತದ ಸಸ್ತನಿಗಳ ಚೆನ್ನಾದ ದಾಖಲೆ ಸಿಗುವುದು ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ, ಸುಮಾರು 5.4 ಕೋಟಿ ವರ್ಷಗಳ ಹಿಂದಿನದು. ಅಲ್ಲಿ ಹುಳ ಹಿಡಿಯುವ ಬಾವಲಿಗಳೇ ಹಲವು ಬಗೆ ಇವೆ. ನಡುವಿನ ಕೋಟಿ ವರ್ಷ ಹೆಚ್ಚೂಕಡಿಮೆ ಖಾಲಿ.

ತಪ್ಪು ನಮೂದೂ ಆಗುತ್ತದೆ. ಮಧ್ಯಪ್ರದೇಶದ ಟಿಕಿ ಎಂಬಲ್ಲಿ ಸಿಕ್ಕ ಒಂದೇ ಒಂದು ದವಡೆ ಹಲ್ಲಿಗೆ 2005ರಲ್ಲಿ ಟಿಕಿಥೀರಿಯಂ ಎಂದು ಹೆಸರಿಟ್ಟು, 20 ಕೋಟಿ ವರ್ಷಕ್ಕೂ ಹಿಂದಿನ ಸಸ್ತನಿಯ ಪೂರ್ವಜ ಎಂದು ಬರೆದಿದ್ದರು. 2024ರಲ್ಲಿ ಇಬ್ಬರು ವಿಜ್ಞಾನಿಗಳು ಅದನ್ನು ಮತ್ತೆ ಪರೀಕ್ಷಿಸಿ, ಅದು ಬಹಳ ಈಚಿನ ಸೊಂಡಿಲಿಯ ಹಲ್ಲು ಎಂದು ತೋರಿಸಿದರು. ನಮ್ಮ ಮೊದಲ ಪಿಯುಸಿ ಲೆಕ್ಕಶಾಸ್ತ್ರದಲ್ಲಿ 'ತಪ್ಪುಗಳ ತಿದ್ದುಪಡಿ' ಎಂಬ ಪಾಠ ಇದೆಯಲ್ಲ, ಅದೇ ಇದು. ತಿದ್ದಿದರೆ ಪುಸ್ತಕಕ್ಕೆ ಅವಮಾನವಿಲ್ಲ, ತಿದ್ದದೆ ಇಟ್ಟರೆ ಅವಮಾನ.

ಆದರೆ ಖಾಲಿ ಪುಟ ಬೇರೆ, ಶೂನ್ಯ ಬೇರೆ. ಇದನ್ನು ನಾನು ಮನೆಯಲ್ಲೇ ಕಲಿತೆ. ಹಳೇ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿ ನಮ್ಮ ದಾದಾ ಅವರಿಗೆ ಗುಂಡಿ, ದಾರ, ಲೇಸು ಮಾರುವ ಸಣ್ಣ ಅಂಗಡಿ ಇತ್ತು. ಆಲಮಟ್ಟಿಯ ಹಿನ್ನೀರು ಬರುತ್ತದೆ ಎಂದು ಓಣಿ ಖಾಲಿಯಾದಾಗ ಪರಿಹಾರಕ್ಕೆ ಅರ್ಜಿ ಹಾಕಿದರು. ಪರವಾನಗಿ, ಬಾಡಿಗೆ ಚೀಟಿ ಕೇಳಿದರು. ದಾದಾ ಎಲ್ಲವನ್ನೂ ಬಾಯಿಮಾತಿನಲ್ಲೇ ನಡೆಸಿದವರು. "ದಾಖಲೆ ಇಲ್ಲ" ಎಂದು ಬರೆದು ಅರ್ಜಿ ಹಿಂತಿರುಗಿಸಿದರು. ಕಾಗದದ ಮೇಲೆ ಆ ಅಂಗಡಿ ಇರಲೇ ಇಲ್ಲ. ಆದರೆ ನವನಗರದ ನಮ್ಮ ಮನೆಯಲ್ಲಿ ದಾದಿ ಇಂದಿಗೂ ಒಂದು ತಗಡಿನ ಡಬ್ಬಿ ಇಟ್ಟುಕೊಂಡಿದ್ದಾರೆ. ಅದರ ತುಂಬ ಗುಂಡಿಗಳು. ಅಂಗಡಿ ಇತ್ತು.

ಬಾವಿ ತೋಡುವಾಗ, ರಸ್ತೆಗೆ ಕಲ್ಲು ಒಡೆಯುವಾಗ ಎರಡು ಕರಿಕಲ್ಲಿನ ನಡುವಿನ ಜೇಡಿ ಹೊರಗೆ ಬರುತ್ತದೆ. ಅದನ್ನು ಯಾರೂ ನೋಡದೆ ಗುಂಡಿ ಮುಚ್ಚಲು ಸುರಿಯುತ್ತಾರೆ. ಜಮಖಂಡಿ, ವಿಜಯಪುರ ಕಡೆಯಿಂದ ಬರುವ ಗೆಳೆಯ ಗೆಳತಿಯರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಹೊಲದಲ್ಲಿ ಅಂಥ ಪದರ ಕಂಡರೆ, ಬಸವನಹುಳುವಿನ ಕಲ್ಲಾದ ಚಿಪ್ಪು ಕಂಡರೆ, ಜಾಗ ಗುರುತು ಮಾಡಿ ಫೋಟೋ ತೆಗೆದಿಡಿ. ನೀವೇ ಅಗೆಯಬೇಡಿ. ಹತ್ತಿರದ ಪದವಿ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೋ ತಿಳಿಸಿ. ಜರಡಿ ಅವರ ಬಳಿ ಇದೆ, ಜಾಗ ನಮ್ಮ ಬಳಿ ಇದೆ.

ಬಾದಾಮಿಯಲ್ಲಿ ಪ್ರಶ್ನೆ ಕೇಳಿದ ಗೆಳತಿಗೆ: ನಾವು ಅಂದು ನಗಬಾರದಿತ್ತು. ಪ್ರಶ್ನೆ ಸರಿಯಾಗಿತ್ತು, ಕಲ್ಲು ಮಾತ್ರ ಬೇರೆಯಾಗಿತ್ತು.