ಚಳಿಗಾಲದಲ್ಲಿ ನಿಂತೇ ಇರೋ ವ್ಯಾನು

ನಮ್ಮ ಚಿತ್ತಾಪುರ, ವಾಡಿ ಕಡೆ ಎಷ್ಟೋ ಮನೆ ಮುಂದೆ ಒಂದು ಓಮ್ನಿ ನಿಂತಿರುತ್ತದೆ. ಮದುವೆ, ಜಾತ್ರೆ ಬಿಟ್ಟರೆ ಹೊರಗೆ ತೆಗೆಯೋದಿಲ್ಲ. ನಡುರಾತ್ರಿ ಯಾರಿಗೋ ಎದೆನೋವು ಬಂದು ಕಲಬುರಗಿಗೆ ಓಡಬೇಕಾದಾಗಲೇ ಅದು ಸ್ಟಾರ್ಟ್ ಆಗೋದಿಲ್ಲ.

ನಾವು ಲೆಕ್ಕ ಹಾಕಿ ನೋಡಿದೆವು. ಕೀ ತೆಗೆದ ಮೇಲೂ ಸ್ಟೀರಿಯೊ, ಅಲಾರಂ ಸೇರಿ 30 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 0.72, ತಿಂಗಳಿಗೆ ಸುಮಾರು 22 ಆಂಪಿಯರ್-ಅವರ್. ಬ್ಯಾಟರಿ ಇರೋದೇ 35ರದ್ದು! ಚಳಿಗೆ ದಪ್ಪಗಾದ ಆಯಿಲಿನಲ್ಲಿ ಎಂಜಿನ್ ತಿರುಗಿಸಲು ಉಳಿದದ್ದು ಸಾಲದು. ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. 10 ನಂಬರ್ ಪಾನಾ ವ್ಯಾನಿನಲ್ಲೇ ಇರಲಿ.

ಐದು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡೋದು ಇನ್ನೂ ಕೆಟ್ಟದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಸೈಲೆನ್ಸರ್ ಪೂರ್ತಿ ಬಿಸಿಯಾಗದಿದ್ದರೆ ಅದು ಒಳಗೇ ನಿಂತು ತುಕ್ಕು ಹಿಡಿಸುತ್ತದೆ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆ ಮೇಲೆ ಓಡಿಸಿ.

ಇನ್ನು ನಮ್ಮ ಭಾಗದ ಸಿಮೆಂಟ್ ಧೂಳು. ಇಬ್ಬನಿ ಬಿದ್ದರೆ ಗಾಜಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಗೀರು ಗ್ಯಾರಂಟಿ, ಮೊದಲು ನೀರು ಸುರಿಯಿರಿ. ಹ್ಯಾಂಡ್‌ಬ್ರೇಕ್ ತಿಂಗಳುಗಟ್ಟಲೆ ಎಳೆದಿಡಬೇಡಿ, ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಶಹಾಬಾದ್ ಪಕ್ಕದಲ್ಲಿದ್ದವರಿಗೆ ಕಲ್ಲಿಗೇನು ಬರ!