ಹಡಗಿಗೆ ಪಟ್ಟೆ ಬಳಿದುದೇಕೆ?

ಮೊದಲನೆಯ ಮಹಾಯುದ್ಧದ ಕೆಲವು ಹಡಗುಗಳ ಫೋಟೊಗಳು ವಿಚಿತ್ರವಾಗಿವೆ. ಹಡಗಿನ ಮೈತುಂಬ ಜೀಬ್ರಾದಂತೆ ಪಟ್ಟೆಗಳು, ಓರೆ ಗೆರೆಗಳು, ತ್ರಿಕೋನಗಳು. ಶತ್ರುವಿನ ಕಣ್ಣು ತಪ್ಪಿಸಬೇಕಾದ ಹಡಗಿಗೆ ಈ ವೇಷವೇಕೆ?

1917ರ ಫೆಬ್ರವರಿಯಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ವ್ಯಾಪಾರಿ ಹಡಗುಗಳ ಮೇಲೆ ಎಗ್ಗಿಲ್ಲದ ದಾಳಿಯನ್ನು ಮತ್ತೆ ಆರಂಭಿಸಿದವು. ಆಗ ಬ್ರಿಟಿಷ್ ನೌಕಾದಳದಲ್ಲಿದ್ದ ಚಿತ್ರಕಾರ ನಾರ್ಮನ್ ವಿಲ್ಕಿನ್ಸನ್ ಒಂದು ಉಪಾಯ ಸೂಚಿಸಿದರು. ಕ್ಷಣಕ್ಷಣವೂ ಬದಲಾಗುವ ಬೆಳಕಿನಲ್ಲಿ ಹೊಗೆಯುಗುಳುವ ಹಡಗನ್ನು ಮರೆಮಾಡಲಾಗದು. ಹಡಗು ಕಾಣಲಿ, ಅದು ಸಾಗುವ ದಿಕ್ಕು ಮಾತ್ರ ತಿಳಿಯದಿರಲಿ! ಇದೇ 'ಡ್ಯಾಜಲ್' ವಿಧಾನ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಮರದ ಪುಟ್ಟ ಮಾದರಿಗಳಿಗೆ ಬಣ್ಣ ಬಳಿದು, ತಿರುಗುವ ಮೇಜಿನ ಮೇಲಿಟ್ಟು, ಪೆರಿಸ್ಕೋಪಿನಲ್ಲಿ ನೋಡಿ ವಿನ್ಯಾಸಗಳನ್ನು ಆರಿಸಲಾಯಿತು.

ದಿಕ್ಕಿಗೆ ಇಷ್ಟು ಮಹತ್ವವೇಕೆ? ಟಾರ್ಪೆಡೊವನ್ನು ಹಡಗು ಈಗಿರುವಲ್ಲಿಗಲ್ಲ, ಮುಂದೆ ತಲುಪುವಲ್ಲಿಗೆ ಗುರಿಯಿಡಬೇಕು. 120 ಮೀಟರ್ ಉದ್ದದ ಹಡಗು 12 ನಾಟ್ ವೇಗದಲ್ಲಿದೆ, ಟಾರ್ಪೆಡೊ ವೇಗ 36 ನಾಟ್, ನಡುವಣ ದೂರ 1000 ಮೀಟರ್ ಎನ್ನಿ. ಹಡಗು ದೃಷ್ಟಿರೇಖೆಗೆ ಲಂಬವಾಗಿ ಸಾಗುತ್ತಿದೆ ಎಂದು ಭಾವಿಸಿದರೆ ಸುಮಾರು 19.5 ಡಿಗ್ರಿ ಮುಂದಕ್ಕೆ ಗುರಿಯಿಡಬೇಕು. ಆದರೆ ಹಡಗು ನಿಜಕ್ಕೂ 30 ಡಿಗ್ರಿ ಓರೆಯಾಗಿ ಜಲಾಂತರ್ಗಾಮಿಯ ಕಡೆಗೆ ಬರುತ್ತಿದ್ದರೆ? ಸಾಪೇಕ್ಷ ವೇಗದ ಲೆಕ್ಕ ಮಾಡಿ ನೋಡಿ. ಟಾರ್ಪೆಡೊ ಹಡಗಿನ ನಡುಭಾಗದಿಂದ ಸುಮಾರು 45 ಮೀಟರ್ ಮುಂದೆ ಬಡಿಯುತ್ತದೆ. ಅಂದರೆ ಹಡಗು ಉಳಿಯುವುದಿಲ್ಲ. ದೂರ 2000 ಮೀಟರ್ ಆದರೆ ಈ ಅಂತರ 90 ಮೀಟರ್ ಆಗಿ, ಟಾರ್ಪೆಡೊ ಮೂತಿಯ ಮುಂದೆ 30 ಮೀಟರ್ ದೂರದಲ್ಲಿ ಹಾದುಹೋಗುತ್ತದೆ. ನಾವಿಕರ ಪ್ರಾಣ ಇಂಥ ಕೆಲವು ಡಿಗ್ರಿಗಳನ್ನು ಅವಲಂಬಿಸಿತ್ತು.

ಈ ಬಣ್ಣಗಳ ಬಗ್ಗೆ ಫೋಟೊಗಳನ್ನಷ್ಟೇ ನಂಬುವಂತಿಲ್ಲ. ಅವು ಕಪ್ಪು-ಬಿಳುಪು ಎಂಬುದಷ್ಟೇ ಕಾರಣವಲ್ಲ. ಅಂದು ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಫಲಕಗಳಿಗೆ ನೀಲಿ ಬೆಳಕಿನ ಸಂವೇದನೆ ಹೆಚ್ಚು, ಕೆಂಪಿನದು ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಕಣ್ಣಿಗೆ ಗಾಢವಾಗಿದ್ದ ನೀಲಿ ಪಟ್ಟೆ ಫೋಟೊದಲ್ಲಿ ಪೇಲವವಾಗಿ ಕಂಡೀತು! ಬಣ್ಣ ತಿಳಿಯಲು ಕೈಯಿಂದ ಬರೆದ ಚಿತ್ರಗಳೇ ಬೇಕು. ಹಡಗಿನ ಎರಡು ಮಗ್ಗುಲಿನ ವಿನ್ಯಾಸಗಳೂ ಬೇರೆ ಬೇರೆಯಾಗಿರುತ್ತಿದ್ದುದರಿಂದ ಒಂದೇ ಫೋಟೊ ಸಾಲದು. ಅಮೆರಿಕದಲ್ಲಿ ಈ ಕೆಲಸದ ಮೇಲ್ವಿಚಾರಕರಾಗಿದ್ದ ಮಾರಿಸ್ ಫ್ರೀಡ್‌ಮನ್ ಉಳಿಸಿಕೊಟ್ಟ 450ಕ್ಕೂ ಹೆಚ್ಚು ಬಣ್ಣದ ನಕ್ಷೆಗಳು ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನಿನಲ್ಲಿವೆ.

ಪಟ್ಟೆಗಳಿಂದ ಹಡಗುಗಳು ಉಳಿದವೇ? ಯುದ್ಧಕಾಲದ ಅಂಕಿಅಂಶಗಳಿಂದ ಹೇಳುವುದು ಕಷ್ಟ. 1917ರಲ್ಲೇ ಹಡಗುಗಳು ಬೆಂಗಾವಲಿನೊಡನೆ ಗುಂಪಾಗಿ ಸಾಗತೊಡಗಿದ್ದವು. ಎರಡರ ಪರಿಣಾಮವನ್ನು ಬೇರ್ಪಡಿಸುವುದು ಹೇಗೆ? 1919ರಲ್ಲಿ ಅಮೆರಿಕದ ಎಂ.ಐ.ಟಿ.ಯ ವಿದ್ಯಾರ್ಥಿ ಲಿಯೊ ಬ್ಲಾಜೆಟ್ ಮಾದರಿ ಹಡಗುಗಳೊಡನೆ ಪ್ರಯೋಗ ಮಾಡಿ, ಬಣ್ಣದಿಂದ ದಿಕ್ಕಿನ ಅಂದಾಜು ಬಹಳ ತಪ್ಪುತ್ತದೆ ಎಂದು ತೀರ್ಮಾನಿಸಿದರು. ಆದರೆ ಪಟ್ಟೆಯಿಲ್ಲದ ಹಡಗಿನೊಡನೆ ಸರಿಯಾದ ಹೋಲಿಕೆ ಅದರಲ್ಲಿರಲಿಲ್ಲ. ನಮ್ಮ ಪ್ರಯೋಗಶಾಲೆಗಳಲ್ಲೂ ಆಗಾಗ ಕಾಣುವ ಕೊರತೆ ಇದು.

ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದ ಟಿಮ್ ಮೀಸ್ ಮತ್ತು ಸಮಂತಾ ಸ್ಟ್ರಾಂಗ್ ಆ ಪ್ರಬಂಧದ ಫೋಟೊಗಳಿಂದಲೇ ಪಟ್ಟೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ಮತ್ತೆ ಪರೀಕ್ಷಿಸಿದರು. 2025ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕಾರಿ. ಪಟ್ಟೆ ಇರಲಿ ಬಿಡಲಿ, ದಿಗಂತಕ್ಕೆ 25 ಡಿಗ್ರಿಯವರೆಗೆ ಓರೆಯಾಗಿರುವ ಹಡಗು ದಿಗಂತದ ಗುಂಟವೇ ಸಾಗುವಂತೆ ನೋಡುಗರಿಗೆ ತೋರುತ್ತದೆ. ಪಟ್ಟೆಗಳ ಪ್ರಭಾವವೂ ಇತ್ತು, ಆದರೆ ಇದಕ್ಕಿಂತ ಚಿಕ್ಕದು.

ಶಾಲೆಯಲ್ಲೂ ಇದನ್ನು ಮಾಡಬಹುದು. ಒಂದೇ ಅಳತೆಯ ಎರಡು ರಟ್ಟಿನ ಹಡಗುಗಳಲ್ಲಿ ಒಂದಕ್ಕೆ ಮಾತ್ರ ಪಟ್ಟೆ ಬಳಿಯಿರಿ. ಕೋನಮಾಪಕದ ಮೇಲಿಟ್ಟು ತಿರುಗಿಸುತ್ತ, ಕೆಲವು ಮೀಟರ್ ದೂರದಿಂದ ಹಡಗಿನ ಮಟ್ಟದಲ್ಲಿ ಒಂದೇ ಕಣ್ಣಿನಿಂದ ನೋಡಿ ಕೋನವನ್ನು ಊಹಿಸಲು ವಿದ್ಯಾರ್ಥಿಗಳಿಗೆ ಹೇಳಿ. ಎರಡೂ ಹಡಗುಗಳ ದೋಷವನ್ನು ಒಂದೇ ನಕ್ಷೆಯಲ್ಲಿ ಗುರುತಿಸಿ.